ಕನ್ನಡನಾಡಿಗೆ ಇಸ್ಲಾಂ ಧರ್ಮದ ಪ್ರವೇಶ

ಒಂದು ಧರ್ಮವು ತಾನು ಹುಟ್ಟಿದ ನೆಲವನ್ನು ಬಿಟ್ಟು ಬೇರೊಂದು ನೆಲದಲ್ಲಿ ಬೇರೂರುವುದು ಜಗತ್ತಿನ ಇತಿಹಾಸದಲ್ಲಿ ಅಪೂರ್ವವಾದ ಸಂಗತಿಯಲ್ಲ. ಬೌದ್ಧಧರ್ಮವು ಮಗಧದಿಂದ ಹೊರಟು ಸಿಂಹಳ, ಚೀನ, ಜಪಾನುಗಳಲ್ಲಿ ನೆಲೆಗೊಂಡಿತು. ಜೈನಧರ್ಮವು ಉತ್ತರದಿಂದ ಬಂದು ಶ್ರವಣಬೆಳಗೊಳದ ಬೆಟ್ಟವನ್ನೇರಿತು. ಏಳನೆಯ ಶತಮಾನದಲ್ಲಿ ಅರಬ್ಬಿ ದೇಶದಲ್ಲಿ ಉದಯಿಸಿದ ಇಸ್ಲಾಂ ಧರ್ಮವೂ ಹೀಗೆಯೇ ದೇಶದೇಶಗಳನ್ನು ದಾಟಿ ಕನ್ನಡನಾಡಿಗೆ ಬಂದಿತು. ಹೀಗೆ ಧರ್ಮವು ಸಂಚರಿಸುವಾಗ ವರ್ತಕನ ಹಡಗು, ದಂಡಿನ ಕುದುರೆ, ಅಧಿಕಾರಿಯ ಲೇಖನಿ, ಸಂತನ ಜೋಳಿಗೆ ಇವುಗಳಲ್ಲಿ ಒಂದಲ್ಲ ಒಂದು ಅದಕ್ಕೆ ವಾಹನವಾಗುತ್ತದೆ.

ಕನ್ನಡನಾಡಿನ ಮಟ್ಟಿಗೆ ಈ ನಾಲ್ಕೂ ವಾಹನಗಳು ಕೆಲಸ ಮಾಡಿವೆ. ಆದರೆ ಜನಮನದಲ್ಲಿ ಉಳಿದುಕೊಂಡಿರುವುದು ದಂಡಿನ ಕುದುರೆಯೊಂದೇ. ದಂಡು ಬಂದ ದಿನವೇ ಧರ್ಮವೂ ಬಂದಿತು, ಕೋಟೆ ಬಿದ್ದ ದಿನವೇ ಜನರ ನಂಬಿಕೆಯೂ ಬದಲಾಯಿತು ಎಂದು ಭಾವಿಸುವುದು ವಾಡಿಕೆಯಾಗಿದೆ. ಇದಕ್ಕೆ ಪ್ರತಿಯಾಗಿ, ದಂಡಯಾತ್ರೆಗಳಿಂದ ನಾಡಿಗೆ ಯಾವ ನೋವೂ ಆಗಲಿಲ್ಲವೆಂಬಂತೆ ಬರೆಯುವವರೂ ಉಂಟು. ಈ ಎರಡು ಮಾತುಗಳೂ ಸತ್ಯದಿಂದ ದೂರವಾದವು. ರಾಜ್ಯದ ಗೆಲುವು ಬೇರೆ, ಧರ್ಮದ ನೆಲೆ ಬೇರೆ. ಮೊದಲನೆಯದು ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಮುಗಿಯಿತು, ಎರಡನೆಯದಕ್ಕೆ ಶತಮಾನಗಳೇ ಹಿಡಿದವು. ಇದನ್ನು ತಾಮ್ರಪಟ, ಶಿಲಾಶಾಸನ, ಪಾರಸಿ ಚರಿತ್ರೆ ಮತ್ತು ಭಾಷೆ ಇವುಗಳ ಸಾಕ್ಷ್ಯದಿಂದ ವಿಚಾರಿಸಿ ನೋಡಬಹುದಾಗಿದೆ.

ದಂಡಿಗಿಂತ ಮೊದಲು

ದಿಲ್ಲಿಯ ಸೈನ್ಯವು ವಿಂಧ್ಯವನ್ನು ದಾಟುವುದಕ್ಕೆ ನಾಲ್ಕು ಶತಮಾನಗಳಿಗೂ ಹಿಂದೆಯೇ ಮುಸಲ್ಮಾನರು ದಕ್ಷಿಣದ ಪಶ್ಚಿಮ ಕರಾವಳಿಯಲ್ಲಿದ್ದರು. ಅವರು ಕುದುರೆ, ಖರ್ಜೂರಗಳನ್ನು ತಂದು ಮೆಣಸು, ಬಟ್ಟೆಗಳನ್ನು ಕೊಂಡೊಯ್ಯುತ್ತಿದ್ದ ಅರಬ ವರ್ತಕರು. ಕ್ರಿ.ಶ. 851ರ ಸುಮಾರಿನ ಅರಬ್ಬಿ ಬರಹವೊಂದರಲ್ಲಿ ವರ್ತಕ ಸುಲೈಮಾನನ ಹೆಸರಿನಲ್ಲಿ ಬರುವ ವರ್ಣನೆಯು ರಾಷ್ಟ್ರಕೂಟ ದೊರೆಯನ್ನು ‘ಬಲ್ಹರಾ’ ಎಂದು ಕರೆದು, ಹಿಂದ್ ದೇಶದ ಅರಸರಲ್ಲಿ ಆತನೇ ಶ್ರೇಷ್ಠನೆಂದೂ ಅರಬರಲ್ಲಿ ಅವನಿಗೆ ಪ್ರೀತಿಯೆಂದೂ ಹೇಳುತ್ತದೆ. ‘ವಲ್ಲಭರಾಜ’ ಎಂಬ ಬಿರುದೇ ಅರಬರ ನಾಲಗೆಯಲ್ಲಿ ‘ಬಲ್ಹರಾ’ ಆಯಿತು. ‘ಮಾನ್ಯಖೇಟ’ವು ‘ಮಾಂಕೀರ್’ ಆಯಿತು. ಹತ್ತನೆಯ ಶತಮಾನದ ಆದಿಭಾಗದಲ್ಲಿ ಈ ದೇಶಕ್ಕೆ ಬಂದ ಮಸೂದಿಯು ಬಲ್ಹರಾನ ರಾಜ್ಯದಲ್ಲಿ ಮುಸಲ್ಮಾನರಿಗೆ ಗೌರವವಿತ್ತೆಂದೂ ಅವರ ಮಸೀದಿಗಳಿದ್ದವೆಂದೂ ಬರೆದಿದ್ದಾನೆ.

ಪರದೇಶದವರು ತಮ್ಮವರ ಬಗೆಗೆ ಹೊಗಳಿಕೊಂಡ ಮಾತಿದು ಎಂದು ಯಾರಾದರೂ ಸಂಶಯಿಸಿದರೆ, ಅದಕ್ಕೆ ಉತ್ತರವಾಗಿ ಚಿಂಚಣಿಯ ತಾಮ್ರಪಟಗಳಿವೆ. ಇಂದಿನ ಮಹಾರಾಷ್ಟ್ರದ ಕರಾವಳಿಯ ಚಿಂಚಣಿಯಲ್ಲಿ ದೊರೆತ ಶಕವರ್ಷ 848ರ, ಎಂದರೆ ಕ್ರಿ.ಶ. 926ರ ಪಟಗಳು ರಾಷ್ಟ್ರಕೂಟ ಮೂರನೆಯ ಇಂದ್ರನ ಕಾಲಕ್ಕೆ ಸೇರಿದವು. ಅವುಗಳ ಪ್ರಕಾರ ಸಂಯಾನ ಮಂಡಲವನ್ನು ಆಳುತ್ತಿದ್ದವನು ತಾಜಿಕ ಕುಲದ ಮಧುಮತಿ. ‘ತಾಜಿಕ’ ಎಂದರೆ ಅರಬ. ‘ಮಧುಮತಿ’ ಎಂಬುದು ‘ಮಹಮ್ಮದ್’ ಎಂಬ ಹೆಸರು ಸಂಸ್ಕೃತದ ಉಡುಪನ್ನು ಧರಿಸಿದ ರೂಪ. ಈತನು ಹೊಳೆಗಳನ್ನು ದಾಟುವವರಿಗೆ ಶುಲ್ಕವಿಲ್ಲದ ದೋಣಿಯನ್ನು ಏರ್ಪಡಿಸಿದನು. ದಾರಿಹೋಕರಿಗೆ ಅನ್ನ, ವ್ಯಂಜನ, ತುಪ್ಪಗಳನ್ನು ನೀಡುವ ಸತ್ರವನ್ನು ಇಡಿಸಿದನು. ಭಗವತೀ ದೇವಿಯ ಮಠಿಕೆಯೊಂದಕ್ಕೆ ಸಾರ್ವಭೌಮನ ಅನುಮತಿ ಪಡೆದು ಭೂಮಿಯನ್ನು ದಾನಮಾಡಿದನು. ಕನ್ನಡ ಚಕ್ರವರ್ತಿಯ ಕೈಕೆಳಗೆ ಅರಬನೊಬ್ಬನು ಮಂಡಲಾಧಿಪತಿಯಾಗಿದ್ದು ದೇವಿಯ ಮಠಿಕೆಗೆ ದತ್ತಿ ಬಿಟ್ಟ ಈ ಸಂಗತಿಯು ಹತ್ತನೆಯ ಶತಮಾನದ ಜೀವನ ಎಷ್ಟು ಸಂಕೀರ್ಣವಾಗಿತ್ತೆಂಬುದನ್ನು ತೋರಿಸುತ್ತದೆ. ಹಳೆಯ ಕಾವ್ಯಗಳಲ್ಲಿ ಕುದುರೆಗೆ ಬರುವ ‘ತೇಜಿ’ ಎಂಬ ಮಾತು ಸಹ ಅರಬ ಕುದುರೆಗೆ ಇದ್ದ ‘ತಾಜಿ’ ಎಂಬ ಹೆಸರಿನಿಂದಲೇ ಬಂದುದು. ಕುದುರೆ ಬಂದ ದಾರಿಯಲ್ಲಿ ಮಾತೂ ಬಂದಿತು, ಮತವೂ ಬಂದಿತು.

ಈ ವರ್ತಕರ ನೆಲೆಗಳು ಮುಂದೆಯೂ ಬೆಳೆದವು. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತನು ಆ ಒಂದು ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳಿದ್ದುದನ್ನೂ ಅಲ್ಲಿನ ಸ್ತ್ರೀಯರು ಕುರಾನನ್ನು ಕಂಠಪಾಠ ಮಾಡಿದ್ದುದನ್ನೂ ಕಂಡು ಬೆರಗಾದನು. ಇಂದಿಗೂ ಕರಾವಳಿಯ ನವಾಯತರು, ಬ್ಯಾರಿಗಳು ಮೊದಲಾದವರು ಧರ್ಮಶಾಸ್ತ್ರದಲ್ಲಿ ಶಾಫಿ ಪಂಥವನ್ನು ಅನುಸರಿಸುತ್ತಾರೆ. ಘಟ್ಟದ ಮೇಲಿನ ಬಯಲುಸೀಮೆಯ ಮುಸಲ್ಮಾನರಲ್ಲಿ ಬಹುಮಂದಿ ಹನಫಿ ಪಂಥದವರು. ಶಾಫಿ ಪಂಥವು ಕಡಲ ಹಾದಿಯಲ್ಲಿ ಅರಬ ವರ್ತಕರೊಡನೆ ಬಂದಿತು, ಹನಫಿ ಪಂಥವು ನೆಲದ ಹಾದಿಯಲ್ಲಿ ದಿಲ್ಲಿಯ ಕಡೆಯಿಂದ ಬಂದಿತು. ಒಂದೇ ನಾಡಿಗೆ ಒಂದೇ ಧರ್ಮವು ಎರಡು ಬಾಗಿಲುಗಳಿಂದ ಪ್ರವೇಶಿಸಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಾಗಿಲ್ಲ.

ದೇವಗಿರಿಯ ಪತನ

ನೆಲದ ಬಾಗಿಲು ತೆರೆದುದು ಕ್ರಿ.ಶ. 1296ರಲ್ಲಿ. ಆಗ ಕಡಾ ಪ್ರಾಂತದ ಅಧಿಕಾರಿಯಾಗಿದ್ದ ಅಲ್ಲಾವುದ್ದೀನ್ ಖಿಲ್ಜಿಯು ತನ್ನ ಮಾವನಾದ ಸುಲ್ತಾನ ಜಲಾಲುದ್ದೀನನಿಗೂ ತಿಳಿಸದೆ ಕೆಲವು ಸಾವಿರ ಕುದುರೆ ಸವಾರರೊಡನೆ ಎಲಿಚ್‌ಪುರದ ಮಾರ್ಗವಾಗಿ ಸೇವುಣರ ರಾಜಧಾನಿ ದೇವಗಿರಿಯ ಮೇಲೆ ಬಿದ್ದನು. ಸೇವುಣರ ಮುಖ್ಯ ಸೈನ್ಯವು ರಾಜಕುಮಾರನೊಡನೆ ದೂರದಲ್ಲಿತ್ತು. ದೊರೆ ರಾಮಚಂದ್ರನು ಕೋಟೆಯೊಳಗೆ ಸೇರಿಕೊಂಡನು. ಅವಸರದಲ್ಲಿ ಕೋಟೆಗೆ ಸಾಗಿಸಿದ ಮೂಟೆಗಳಲ್ಲಿ ಧಾನ್ಯಕ್ಕೆ ಬದಲಾಗಿ ಉಪ್ಪು ತುಂಬಿತ್ತೆಂದು ಫಿರಿಷ್ತಾ ಎಂಬ ಚರಿತ್ರಕಾರನು ಹೇಳುತ್ತಾನೆ. ಆತನು ಬರೆದುದು ಮೂರು ಶತಮಾನಗಳ ತರುವಾಯ, ಬಿಜಾಪುರದಲ್ಲಿ. ಆದುದರಿಂದ ಈ ಕಥೆಯನ್ನು ಕಥೆಯೆಂದೇ ಎಣಿಸಬೇಕು. ಆದರೆ ಅಪಾರವಾದ ಐಶ್ವರ್ಯವಿದ್ದ ರಾಜ್ಯವೊಂದು ಎಚ್ಚರ ತಪ್ಪಿ ಸೋತಿತೆಂಬುದು ಮಾತ್ರ ಕಥೆಯಲ್ಲ. ಅಲ್ಲಾವುದ್ದೀನನು ಕಪ್ಪವನ್ನು ಪಡೆದು ಹಿಂದಿರುಗಿ, ಮಾವನನ್ನು ಕೊಲ್ಲಿಸಿ ದಿಲ್ಲಿಯ ಸಿಂಹಾಸನವನ್ನೇರಿದನು. ದಕ್ಷಿಣದ ಮೇಲಿನ ಈ ಮೊದಲ ದಾಳಿಯ ಉದ್ದೇಶ ಮತಪ್ರಚಾರವಾಗಿರಲಿಲ್ಲ. ದಿಲ್ಲಿಯ ಪಟ್ಟಕ್ಕೆ ಬೇಕಾದ ಹಣ ಅದರ ಉದ್ದೇಶವಾಗಿತ್ತು.

ಕಪ್ಪ ನಿಂತುಹೋದಾಗ 1307ರ ಸುಮಾರಿನಲ್ಲಿ ಸೇನಾಪತಿ ಮಲಿಕ್ ಕಾಫುರನು ಮತ್ತೆ ಬಂದನು. ರಾಮಚಂದ್ರನನ್ನು ದಿಲ್ಲಿಗೆ ಕರೆದೊಯ್ದರು. ಆದರೆ ಅಲ್ಲಿ ಅವನಿಗೆ ಸಂದುದು ಸೆರೆಮನೆಯಲ್ಲ, ‘ರಾಯ್ ರಾಯಾನ್’ ಎಂಬ ಬಿರುದು ಮತ್ತು ಉಡುಗೊರೆ. ಅವನು ಹಿಂದಿರುಗಿ ತನ್ನ ರಾಜ್ಯವನ್ನೇ ಸಾಮಂತನಾಗಿ ಆಳಿದನು; ಅಷ್ಟೇ ಅಲ್ಲ, ಮುಂದೆ ದಿಲ್ಲಿಯ ಸೈನ್ಯವು ಹೊಯ್ಸಳರ ಮೇಲೆ ಹೋಗುವಾಗ ಅದಕ್ಕೆ ದಾರಿಯನ್ನೂ ದವಸವನ್ನೂ ಒದಗಿಸಿದನು. ಸೇವುಣರಿಗೂ ಹೊಯ್ಸಳರಿಗೂ ತಲೆಮಾರುಗಳಿಂದ ಇದ್ದ ವೈರವೇ ಪರರಾಜ್ಯದ ದಂಡಿಗೆ ಹೆದ್ದಾರಿಯಾಯಿತು. ರಾಮಚಂದ್ರನ ತರುವಾಯ ಅವನ ಮಗನು ಪ್ರತಿಭಟಿಸಿ 1313ರಲ್ಲಿ ಮಡಿದನು. ಅಳಿಯ ಹರಪಾಲದೇವನು ದಂಗೆಯೆದ್ದು 1318ರಲ್ಲಿ ಕ್ರೂರವಾದ ಮರಣದಂಡನೆಗೆ ಗುರಿಯಾದನು. ಅಲ್ಲಿಗೆ ಸೇವುಣ ರಾಜ್ಯವು ಮುಗಿಯಿತು.

ದೋರಸಮುದ್ರ ಮತ್ತು ಕಂಪಿಲಿ

ಕ್ರಿ.ಶ. 1311ರ ಆರಂಭದಲ್ಲಿ ಕಾಫುರನು ದೋರಸಮುದ್ರವನ್ನು ಮುತ್ತಿದಾಗ ಮೂರನೆಯ ವೀರಬಲ್ಲಾಳನು ರಾಜಧಾನಿಯಲ್ಲಿರಲಿಲ್ಲ. ಪಾಂಡ್ಯ ಸೋದರರ ಅಂತಃಕಲಹದಲ್ಲಿ ಲಾಭ ಪಡೆಯಲೆಂದು ದಕ್ಷಿಣಕ್ಕೆ ಹೋಗಿದ್ದನು. ಓಡಿ ಬಂದು ನೋಡಿದರೆ ಶತ್ರು ಬಾಗಿಲಲ್ಲಿದ್ದನು. ಬಲ್ಲಾಳನು ಸಂಧಿ ಮಾಡಿಕೊಂಡು ಆನೆ, ಕುದುರೆ, ಧನಗಳನ್ನು ಒಪ್ಪಿಸಿ ಮಗನನ್ನು ದಿಲ್ಲಿಗೆ ಕಳುಹಬೇಕಾಯಿತು. ಆ ಕುಮಾರನು 1313ರಲ್ಲಿ ಸುರಕ್ಷಿತನಾಗಿ ಹಿಂದಿರುಗಿದನು. ಆ ದಂಡಯಾತ್ರೆಯ ಕೊಳ್ಳೆಯಲ್ಲಿ 512 ಆನೆಗಳಿದ್ದವೆಂದು ಅಮೀರ್ ಖುಸ್ರೋ ಬರೆದರೆ, 612 ಆನೆಗಳೂ 20,000 ಕುದುರೆಗಳೂ 96,000 ಮಣ ಬಂಗಾರವೂ ಇದ್ದವೆಂದು ಬರನಿ ಬರೆಯುತ್ತಾನೆ. ಕುದುರೆಗಳ ಸಂಖ್ಯೆಯನ್ನು ಖುಸ್ರೋ 5,000ಕ್ಕೆ ಇಳಿಸುತ್ತಾನೆ. ಆಸ್ಥಾನದ ಬರಹಗಾರರು ಒಡೆಯನ ಕೀರ್ತಿಗಾಗಿ ಅಂಕಿಗಳನ್ನು ಹಿಗ್ಗಿಸುವುದು ಎಲ್ಲ ದೇಶಗಳಲ್ಲಿಯೂ ಉಂಟು. ಕೊಳ್ಳೆಯ ಅಂಕಿಗಳಂತೆಯೇ, ಒಡೆದ ಗುಡಿಗಳ ಮತ್ತು ಕೊಂದ ಜನರ ಅಂಕಿಗಳನ್ನೂ ಈ ಬರಹಗಾರರಿಂದ ತೆಗೆದುಕೊಳ್ಳುವಾಗ ತೂಗಿ ನೋಡಬೇಕು. ಹಾಗೆಂದು ನೋವನ್ನೇ ಇಲ್ಲವೆನ್ನಲಾಗದು. ಗುಡಿಗಳು ಒಡೆದವು, ಊರುಗಳು ಸುಟ್ಟವು, ಜನರು ಸೆರೆಹೋದರು. 1311ರಲ್ಲಿಯೂ 1327ರಲ್ಲಿಯೂ ಪೆಟ್ಟು ತಿಂದ ದೋರಸಮುದ್ರವು ಮತ್ತೆ ಚೇತರಿಸಿಕೊಳ್ಳಲಿಲ್ಲ. ಆ ಮಹಾನಗರದ ಹೆಸರು ಈಗ ಹಳೇಬೀಡು ಎಂದಾಗಿರುವುದರಲ್ಲಿಯೇ ಅದರ ಕಥೆಯಿದೆ.

ಇದೇ ಖುಸ್ರೋ 1318ರಲ್ಲಿ ಮುಗಿಸಿದ ‘ನುಹ್ ಸಿಪಿಹ್ರ್’ ಎಂಬ ಕೃತಿಯಲ್ಲಿ ಹಿಂದೂಸ್ಥಾನದ ಭಾಷೆಗಳನ್ನು ಎಣಿಸುತ್ತ ‘ಧೂರ್ ಸಮುಂದರಿ’ ಎಂಬುದೊಂದನ್ನು ಹೇಳುತ್ತಾನೆ. ಅದು ದೋರಸಮುದ್ರದ ಭಾಷೆ, ಎಂದರೆ ಕನ್ನಡ. ತನ್ನ ಸುಲ್ತಾನನ ಸೈನ್ಯವು ಕೊಳ್ಳೆಹೊಡೆದ ಊರಿನ ಹೆಸರಿನಿಂದಲೇ ಆ ನಾಡಿನ ನುಡಿಯನ್ನು ಕವಿಯು ಗುರುತಿಸಿದ್ದಾನೆ. ಕನ್ನಡಿಗರು ಮರೆಯಬಾರದ ಉಲ್ಲೇಖವಿದು.

ಕಂಪಿಲಿಯ ಪ್ರಸಂಗವಂತೂ ಈ ಕಾಲದ ಯುದ್ಧಗಳನ್ನು ಕೇವಲ ಮತಯುದ್ಧಗಳೆಂದು ಕರೆಯುವವರು ನೆನಪಿಡಬೇಕಾದುದು. ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪನು ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಹತ್ತಿರದ ಬಂಧು. ಅವನು ಸುಲ್ತಾನನ ವಿರುದ್ಧ ದಂಗೆಯೆದ್ದು ಸೋತು, ಕಂಪಿಲಿಯ ದೊರೆಯ ಆಶ್ರಯಕ್ಕೆ ಓಡಿಬಂದನು. ಶರಣು ಬಂದವನನ್ನು ಒಪ್ಪಿಸಲಾರೆನೆಂದ ಕಂಪಿಲರಾಯನು 1327ರ ಯುದ್ಧದಲ್ಲಿ ಪ್ರಾಣವನ್ನೇ ತೆತ್ತನು; ಅರಮನೆಯ ಹೆಂಗಸರು ಅಗ್ನಿಪ್ರವೇಶ ಮಾಡಿದರು. ಮುಸಲ್ಮಾನನಾದ ಶರಣಾಗತನಿಗಾಗಿ ಹಿಂದೂ ದೊರೆಯೊಬ್ಬನು ಮಡಿದನು. ಮುಸಲ್ಮಾನನಾದ ಬಂಡುಕೋರನ ಚರ್ಮವನ್ನು ಮುಸಲ್ಮಾನ ಸುಲ್ತಾನನೇ ಸುಲಿಸಿದನು. ಈ ದೊರೆಯ ಮಗನೇ ನಮ್ಮ ಸಾಂಗತ್ಯಕಾವ್ಯಗಳ ನಾಯಕನಾದ ಕುಮಾರರಾಮ.

ಕಲ್ಯಾಣದ ಒಂದು ಶಾಸನ

ಇಷ್ಟು ರಕ್ತ ಹರಿದ ದಶಕದಲ್ಲಿಯೇ ಕಲ್ಯಾಣದಲ್ಲಿ ಒಂದು ಶಾಸನವು ಹುಟ್ಟಿತು. ಚಾಲುಕ್ಯರ ರಾಜಧಾನಿಯೂ ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರ ಕರ್ಮಭೂಮಿಯೂ ಆಗಿದ್ದ ಈ ಊರು ಆ ಹೊತ್ತಿಗೆ ತುಘಲಕರ ಆಡಳಿತಕ್ಕೆ ಸೇರಿತ್ತು. ಶಕವರ್ಷ 1248ರ, ಎಂದರೆ ಕ್ರಿ.ಶ. 1326ರ ಈ ಶಾಸನದ ಭಾಷೆ ಸಂಸ್ಕೃತ. ಅದರಲ್ಲಿ ಆಳುವ ದೊರೆಯೆಂದು ಹೇಳಿರುವುದು ಸುರತಾಣ ಮಹಮ್ಮದನನ್ನು. ಕಲ್ಯಾಣದ ಅಧಿಕಾರಿಯು ಖ್ವಾಜಾ ಅಹಮದ್. ಊರಿನಲ್ಲಿ ನಡೆದ ಗಲಭೆಯಲ್ಲಿ ಮಧುಕೇಶ್ವರ ದೇವಾಲಯಕ್ಕೆ ಹಾನಿಯಾಗಿ ಪೂಜೆಯು ನಿಂತುಹೋಗಿತ್ತು. ದೇವಾಲಯದ ಹೊಣೆ ಹೊತ್ತವರು ಖ್ವಾಜಾ ಅಹಮದನ ಬಳಿಗೆ ಹೋಗಿ ಬಿನ್ನವಿಸಿಕೊಂಡರು. ಅವನು ಜೀರ್ಣೋದ್ಧಾರಕ್ಕೂ ಪೂಜೆಗೂ ಅನುಮತಿಯನ್ನಿತ್ತನು. ಶಿವಲಿಂಗವು ಮತ್ತೆ ಪ್ರತಿಷ್ಠೆಗೊಂಡಿತು.

ಈ ಶಾಸನದ ಅರ್ಥವನ್ನು ಹೆಚ್ಚಿಸಿಯೂ ಹೇಳಬಾರದು, ಕುಗ್ಗಿಸಿಯೂ ಹೇಳಬಾರದು. ಇಸ್ಲಾಮಿ ಧರ್ಮಶಾಸ್ತ್ರದ ಒಂದು ನಿಯಮದಂತೆ ಜಿಜಿಯಾ ಎಂಬ ತಲೆಗಂದಾಯವನ್ನು ಕೊಟ್ಟ ಪ್ರಜೆಗಳಿಗೆ ತಮ್ಮ ದೇವರನ್ನು ಪೂಜಿಸುವ ಹಕ್ಕಿತ್ತು. ಚೀನ ದೇಶದ ಚಕ್ರವರ್ತಿಯು ಗುಡಿಯೊಂದನ್ನು ಮತ್ತೆ ಕಟ್ಟಿಸಲು ಅನುಮತಿ ಕೇಳಿದಾಗ ಇದೇ ಸುಲ್ತಾನನು ಇದೇ ನಿಯಮವನ್ನು ಉತ್ತರವಾಗಿ ಹೇಳಿಕಳುಹಿದನೆಂದು ಇಬ್ನ್ ಬತೂತನು ಬರೆದಿದ್ದಾನೆ. ಆದಕಾರಣ ಕಲ್ಯಾಣದ ಅನುಮತಿಯು ಸಮಾನತೆಯ ಘೋಷಣೆಯಲ್ಲ. ಗೆದ್ದವನು ಸೋತವನಿಗೆ ಕೊಟ್ಟ ಅಪ್ಪಣೆ. ತಮ್ಮ ಗುಡಿಯ ಪೂಜೆಗಾಗಿ ಪರರ ಅಪ್ಪಣೆಯನ್ನು ಬೇಡಬೇಕಾದವರ ಮನಸ್ಸಿನ ಸಂಕಟವನ್ನು ಈ ಕಲ್ಲು ಹೇಳುವುದಿಲ್ಲ, ಆದರೆ ಓದುವವರು ಊಹಿಸಬಲ್ಲರು. ಅದೇ ಸಮಯದಲ್ಲಿ ಇನ್ನೊಂದು ಮಾತನ್ನೂ ಒಪ್ಪಬೇಕು. ಆಳಲು ಬಂದವನಿಗೆ ಗುಡಿಯ ಪೂಜೆ ನಡೆಯುವುದೇ ಊರಿನ ಶಾಂತಿಗೆ ಬೇಕಾಗಿತ್ತು. ಊರಿನವರಿಗೆ ಹೊಸ ಅಧಿಕಾರಿಯಿಂದಲೂ ನ್ಯಾಯ ದೊರೆತೀತೆಂಬ ನಂಬಿಕೆಯಿತ್ತು. ಇಬ್ಬರ ಒಪ್ಪಂದವನ್ನು ಬರೆಯಲು ಕೈಗೆ ಸಿಕ್ಕಿದ್ದು ಪಾರಸಿಯಲ್ಲ, ಸಂಸ್ಕೃತ. ದಂಡಿನ ಇತಿಹಾಸವು ಮುಗಿದು ನೆಲೆಯ ಇತಿಹಾಸವು ತೊಡಗಿದ್ದು ಇಂತಹ ಎಡೆಗಳಲ್ಲಿ.

ಬಹಮನಿ ರಾಜ್ಯ

1327ರ ಸುಮಾರಿನಲ್ಲಿ ತುಘಲಕನು ದೇವಗಿರಿಗೆ ದೌಲತಾಬಾದೆಂದು ಹೆಸರಿಟ್ಟು ಅದನ್ನು ರಾಜಧಾನಿಯಾಗಿ ಮಾಡಿಕೊಂಡನು. ನಲವತ್ತು ದಿನಗಳ ಪಯಣವಾದ ಈ ದಾರಿಯಲ್ಲಿ ದಿಲ್ಲಿಯ ಅಮೀರರು, ಪಂಡಿತರು, ಸೂಫಿಗಳು, ಕುಶಲಕರ್ಮಿಗಳು ತಮ್ಮ ಸಂಸಾರಗಳೊಡನೆ ದಕ್ಷಿಣಕ್ಕೆ ಬರಬೇಕಾಯಿತು. ಸುಲ್ತಾನನ ಯೋಜನೆಯು ವಿಫಲವಾಯಿತಾದರೂ ಬಂದವರಲ್ಲಿ ಎಷ್ಟೋ ಮಂದಿ ಇಲ್ಲಿಯೇ ಉಳಿದರು. ಹಿಂದಿನ ದಂಡುಗಳು ಬಂದು ಹೋಗುವವಾಗಿದ್ದವು. ಈಗ ಬಂದವರು ಬೀಡುಬಿಟ್ಟು ಮನೆ ಕಟ್ಟಿದರು. ಅವರು ತಂದ ಉತ್ತರದ ಆಡುಮಾತೇ ದಖ್ಖನಿ ಭಾಷೆಗೆ ಮೂಲವಾಯಿತು.

ಈ ದಖ್ಖನಿನ ಅಮೀರರೇ ದಿಲ್ಲಿಯ ಮೇಲೆ ತಿರುಗಿಬಿದ್ದು 1347ರ ಆಗಸ್ಟ್ 3ರಂದು ಅಲ್ಲಾವುದ್ದೀನ್ ಹಸನ್ ಬಹಮನ್ ಶಾಹನಿಗೆ ಪಟ್ಟ ಕಟ್ಟಿದರು. ಕಲಬುರಗಿಯು ಹೊಸ ರಾಜ್ಯದ ರಾಜಧಾನಿಯಾಯಿತು. ಅಲ್ಲಿನ ಕೋಟೆಯಲ್ಲಿ 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯು ತೆರೆದ ಅಂಗಳವಿಲ್ಲದೆ ಪೂರ್ತಿಯಾಗಿ ಚಾವಣಿ ಹೊದ್ದಿರುವುದರಿಂದ ಭಾರತದ ಮಸೀದಿಗಳಲ್ಲಿ ವಿಶಿಷ್ಟವಾದುದು. ಅದರ ಶಿಲ್ಪಿ ಇರಾನಿನ ಕಜ್ವೀನ್ ಊರಿನ ಮನೆತನದ ರಫಿ. ಬಹಮನಿಗಳಿಗೂ ವಿಜಯನಗರಕ್ಕೂ ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಗಾಗಿ ಎಡೆಬಿಡದ ಯುದ್ಧಗಳು ನಡೆದವು. ಭೀಕರವಾದ ಕೊಲೆಗಳಾದ ಬಳಿಕ, ಯುದ್ಧದಲ್ಲಿ ಭಾಗವಹಿಸದ ಪ್ರಜೆಗಳನ್ನು ಕೊಲ್ಲಬಾರದೆಂದು ಎರಡು ರಾಜ್ಯಗಳೂ ಒಡಂಬಟ್ಟವೆಂದು ಫಿರಿಷ್ತಾ ಹೇಳುತ್ತಾನೆ. ಎರಡನೆಯ ಮಹಮ್ಮದ್ ಶಾಹನು (1378–1397) ಬರಗಾಲದಲ್ಲಿ ಮಾಳವ, ಗುಜರಾತುಗಳಿಂದ ಹತ್ತು ಸಾವಿರ ಎತ್ತುಗಳ ಮೇಲೆ ಧಾನ್ಯವನ್ನು ತರಿಸಿ ಹಂಚಿಸಿದುದನ್ನೂ ಕಲಬುರಗಿ, ಬೀದರ ಮುಂತಾದ ಊರುಗಳಲ್ಲಿ ಅನಾಥ ಬಾಲಕರಿಗೆ ಶಾಲೆಗಳನ್ನು ತೆರೆಯಿಸಿದುದನ್ನೂ ಆತನೇ ಬರೆದಿದ್ದಾನೆ. 1472ರಲ್ಲಿ ಮಂತ್ರಿ ಮಹಮೂದ್ ಗವಾನನು ಬೀದರಿನಲ್ಲಿ ಕಟ್ಟಿಸಿದ ಮದರಸದ ಅವಶೇಷವು ಇಂದಿಗೂ ವಿದ್ಯೆಯ ದೊಡ್ಡ ಸ್ಮಾರಕವಾಗಿ ನಿಂತಿದೆ.

ವಿಜಯನಗರದ ಕಡೆಯೂ ಕೊಡುಕೊಳೆ ನಡೆದೇ ಇತ್ತು. ಬುಕ್ಕರಾಯನ ಶಾಸನಗಳಲ್ಲಿ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಬರುತ್ತದೆ. ‘ಸುಲ್ತಾನ’ ಎಂಬ ಅರಬ್ಬಿ ಶಬ್ದವನ್ನು ‘ಸುರರನ್ನು ತ್ರಾಣಗೊಳಿಸುವವನು’ ಎಂಬ ಅರ್ಥ ಬರುವಂತೆ ಸಂಸ್ಕೃತೀಕರಿಸಿದ ವಿದ್ವಾಂಸನ ಜಾಣ್ಮೆಗೆ ತಲೆದೂಗಬೇಕು. ಕಾದಾಡುತ್ತಿದ್ದ ಶತ್ರುವಿನ ಬಿರುದನ್ನೇ ತನ್ನ ದೊರೆಗೆ ತೊಡಿಸಿ ಅದಕ್ಕೆ ದೇವಭಾಷೆಯ ನಿರುಕ್ತಿಯನ್ನು ಕಲ್ಪಿಸಿದ್ದಾನೆ! ಇಮ್ಮಡಿ ದೇವರಾಯನ ಕಾಲದಲ್ಲಿ ಅಹಮದಖಾನನೆಂಬ ಅಧಿಕಾರಿಯು 1439ರಲ್ಲಿ ವಿಜಯನಗರದೊಳಗೆ ಮಸೀದಿಯೊಂದನ್ನೂ ಬಾವಿಯನ್ನೂ ಮಾಡಿಸಿ, ಅದರ ಪುಣ್ಯವು ತನ್ನ ಒಡೆಯನಾದ ದೇವರಾಯನಿಗೆ ಸಲ್ಲಲೆಂದು ಬರೆಯಿಸಿದನು. ಕನ್ನಡದ ಆ ಶಾಸನದಲ್ಲಿ ಮಸೀದಿಗೆ ಬಳಸಿದ ಮಾತು ‘ಧರ್ಮಸಾಲೆ’.

ಸೂಫಿ ಸಂತರು

ಸುಲ್ತಾನರ ಆಳ್ವಿಕೆಯಿಂದಲೇ ಜನರು ಮತಾಂತರ ಹೊಂದಿದ್ದರೆ, ಬಹಮನಿ ಮತ್ತು ಆದಿಲಶಾಹಿ ಅರಸರು 1347ರಿಂದ 1686ರವರೆಗೆ, ಸುಮಾರು ಮೂರು ನೂರ ನಲವತ್ತು ವರ್ಷ ಆಳಿದ ಕಲಬುರಗಿ, ಬೀದರ, ಬಿಜಾಪುರ ಸೀಮೆಗಳಲ್ಲಿ ಬೇರೆ ಮತದವರು ಉಳಿಯಬಾರದಾಗಿತ್ತು. ಆದರೆ ಆ ಸೀಮೆಯ ಜನರಲ್ಲಿ ಬಹುಪಾಲು ಮಂದಿ ತಮ್ಮ ಪರಂಪರಾಗತ ಆಚರಣೆಗಳಲ್ಲಿಯೇ ಮುಂದುವರಿದರು. ಹಳ್ಳಿಯ ಕಂದಾಯ ಗೌಡ ಕುಲಕರ್ಣಿಗಳ ಕೈಯಲ್ಲಿಯೇ ಇತ್ತು. ದೊರೆಗೆ ಬೇಕಾದುದು ಹುಟ್ಟುವಳಿ. ಹಾಗಾದರೆ ಹೊಸ ಧರ್ಮವು ಜನರ ಹೃದಯಕ್ಕೆ ಇಳಿದುದು ಯಾವ ಬಗೆಯಿಂದ?

ಅದಕ್ಕೆ ಮುಖ್ಯವಾದ ಉತ್ತರ ಸೂಫಿಗಳು. ದೌಲತಾಬಾದಿನ ಬಳಿ ಖುಲ್ದಾಬಾದಿನಲ್ಲಿ 1337ರಲ್ಲಿ ಸಮಾಧಿಸ್ಥರಾದ ಬುರ್ಹಾನುದ್ದೀನ್ ಗರೀಬರು, ಕಲಬುರಗಿಯ ಸಿರಾಜುದ್ದೀನ್ ಜುನೈದಿಯವರು ಈ ಪರಂಪರೆಯ ಹಿರಿಯರು. ಇವರಲ್ಲಿ ಅತ್ಯಂತ ಪ್ರಸಿದ್ಧರು ಖ್ವಾಜಾ ಬಂದೇನವಾಜ್ ಗೇಸೂದರಾಜರು. ದಿಲ್ಲಿಯಲ್ಲಿ ಹುಟ್ಟಿ, ಬಾಲ್ಯದಲ್ಲಿ ರಾಜಧಾನಿಯೊಡನೆ ದೌಲತಾಬಾದಿಗೆ ಬಂದು, ಮತ್ತೆ ದಿಲ್ಲಿಗೆ ಹೋಗಿ ಗುರುಸೇವೆ ಮಾಡಿ, ತೈಮೂರನ ದಾಳಿಯ ಹೊತ್ತಿಗೆ ಆ ನಗರವನ್ನು ತೊರೆದು 1400ರ ಸುಮಾರಿಗೆ ಕಲಬುರಗಿಗೆ ಬಂದು, 1422ರಲ್ಲಿ ಅಲ್ಲಿಯೇ ದೇಹವಿಟ್ಟರು. ಫಿರೋಜ್ ಶಾಹನು ಅವರನ್ನು ಮೊದಲು ಗೌರವಿಸಿ ತರುವಾಯ ದೂರಮಾಡಿದನು. ಸುಲ್ತಾನನ ಪ್ರೀತಿ ತಪ್ಪಿದರೂ ಜನರ ಭಕ್ತಿ ತಪ್ಪಲಿಲ್ಲ.

ಹರಕೆ ಹೊತ್ತ ತಾಯಿ, ರೋಗಿ, ಮಳೆ ಬಯಸುವ ರೈತ ಇವರು ದರ್ಗಾಕ್ಕೆ ಹೋಗುವಾಗ ಮತವನ್ನು ಕೇಳುವವರಿರಲಿಲ್ಲ. ಹೀಗೆ ಹೋಗಿ ಬರುವುದು ತಲೆಮಾರುಗಳ ವಾಡಿಕೆಯಾಗಿ, ಕೆಲವು ಕುಟುಂಬಗಳು ಮೆಲ್ಲಮೆಲ್ಲನೆ ಹೊಸ ಮತಕ್ಕೆ ಸೇರಿದವು. ಹಲವು ತಮ್ಮ ಮತದಲ್ಲಿದ್ದುಕೊಂಡೇ ದರ್ಗಾದ ಭಕ್ತರಾಗಿ ಉಳಿದವು. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ದಖ್ಖನಿ ಭಾಷೆಯ ‘ಚಕ್ಕೀನಾಮಾ’ ಎಂಬ ಪದಗಳಿವೆ. ಚಕ್ಕಿ ಎಂದರೆ ಬೀಸುವ ಕಲ್ಲು. ಬೆಳಗಿನ ಜಾವ ಹಿಟ್ಟು ಬೀಸುವ ಹೆಂಗಸರು ಹಾಡಿಕೊಳ್ಳಲೆಂದು ರಚಿತವಾದ ಈ ಹಾಡುಗಳು ಕಲ್ಲಿನ ಗೂಟ, ಹಲ್ಲೆ, ಹಿಟ್ಟುಗಳನ್ನೇ ಉಪಮಾನವಾಗಿಟ್ಟು ದೇವರನ್ನು ತಿಳಿಸುತ್ತವೆ. ಬೀಸುವ ಕಲ್ಲಿನ ಪದಗಳ ಸಂಪತ್ತು ಕನ್ನಡಕ್ಕೂ ಉಂಟು. ಒಂದೇ ಓಣಿಯಲ್ಲಿ ಎರಡು ನುಡಿಗಳಲ್ಲಿ ಒಂದೇ ಕಲ್ಲು ಹಾಡುತ್ತಿತ್ತು. ಧರ್ಮವು ಕೋಟೆಯ ಬಾಗಿಲಿನಿಂದ ಊರನ್ನು ಪ್ರವೇಶಿಸಿತೆನ್ನಬಹುದು. ಮನೆಯನ್ನು ಪ್ರವೇಶಿಸಿದುದು ಈ ಬೀಸುವ ಕಲ್ಲಿನ ಬದಿಯಿಂದ.

ಭಾಷೆಯ ಸಾಕ್ಷ್ಯ

ಈ ಸಹವಾಸದ ಗುರುತು ಕನ್ನಡ ನುಡಿಯ ಮೇಲೆ ಬಿದ್ದಿದೆ. ಅರ್ಜಿ, ದಾಖಲೆ, ವಕೀಲ, ಫೈಸಲು, ತಾಲ್ಲೂಕು, ಜಿಲ್ಲೆ, ಜಮೀನು, ಜಮಾ, ಖರ್ಚು, ಬಾಕಿ ಇವೆಲ್ಲ ಅರಬ್ಬಿ ಪಾರಸಿಗಳಿಂದ ಬಂದ ಮಾತುಗಳು. ಶಾಲೆಯ ಬಾಲಕನು ಬೆಳಿಗ್ಗೆ ‘ಹಾಜರು’ ಎನ್ನುತ್ತಾನೆ, ಕಾಗದದ ಮೇಲೆ ಶಾಯಿಯಿಂದ ಬರೆಯುತ್ತಾನೆ, ಗುರುಗಳು ಕುರ್ಚಿಯಲ್ಲಿ ಕುಳಿತಿರುತ್ತಾರೆ, ಹಬ್ಬಕ್ಕೆ ರಜೆ ಬರುತ್ತದೆ. ಹಾಜರು, ಕಾಗದ, ಶಾಯಿ, ಕುರ್ಚಿ, ರಜೆ ಐದೂ ಅದೇ ಮೂಲದವು. ಇವುಗಳಲ್ಲಿ ಮೊದಲ ಗುಂಪು ಆಡಳಿತದ ಶಬ್ದಗಳಾದುದು ಸಹಜ. ಅವು ಮೇಲಿನಿಂದ ಇಳಿದವು. ಆದರೆ ಎರಡನೆಯ ಗುಂಪು ಆಜ್ಞೆಯಿಂದ ಬಂದುದಲ್ಲ, ಬಳಕೆಯಿಂದ ಬಂದುದು.

ಇದಕ್ಕೆ ಪ್ರತಿಯಾಗಿ ಕನ್ನಡವೂ ಇಸ್ಲಾಮನ್ನು ತನ್ನದಾಗಿಸಿಕೊಂಡಿತು. ಹತ್ತಿ ಹಿಂಜುವ ಕಾಯಕದ ಪಿಂಜಾರರಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಮಿನ ರಾತ್ರಿ ಕರ್ಬಲಾದ ದುಃಖವನ್ನು ಹಾಡುವ ರಿವಾಯತ್ ಪದಗಳು ಕನ್ನಡದಲ್ಲಿವೆ. ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಬೀದರಿನ ಬಳಿ ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾಹ್ ವಲಿಯ ಗೋರಿಯಿದೆ. ಅಲ್ಲಿನ ಉರುಸು ನಡೆಯುವುದು ಹಿಂದೂ ಪಂಚಾಂಗದ ತಿಥಿಯಂತೆ. ಅದಕ್ಕೆ ಕಲಬುರಗಿ ಜಿಲ್ಲೆಯ ಮಾಡ್ಯಾಳದ ಜಂಗಮರು ತಮ್ಮ ಪರಿವಾರದೊಡನೆ ಬಂದು ಮುಂದಾಳಾಗುತ್ತಾರೆ. ಸುತ್ತಲಿನ ಭಕ್ತರು ಆ ಸುಲ್ತಾನನನ್ನು ಅಲ್ಲಮಪ್ರಭುವೆಂದೇ ಕರೆಯುತ್ತಾರೆ. ಕತ್ತಿ ಹಿಡಿದು ರಾಜ್ಯವಾಳಿದವನೊಬ್ಬನು ಜನರ ಭಾವದಲ್ಲಿ ಶೂನ್ಯಸಿಂಹಾಸನದ ಅಧ್ಯಕ್ಷನಾದುದು ಯಾವ ಸುಲ್ತಾನನ ಆಜ್ಞೆಯಿಂದಲೂ ಆಗುವ ಕೆಲಸವಲ್ಲ.

ಸಾರಾಂಶ

ಕನ್ನಡನಾಡಿಗೆ ಇಸ್ಲಾಂ ಮೊದಲು ಬಂದುದು ಕಡಲಿನಿಂದ, ವ್ಯಾಪಾರದ ನೆವದಲ್ಲಿ. ದಂಡು ಬಂದುದು 1296ರಿಂದೀಚೆಗೆ, ಧನದ ಮತ್ತು ರಾಜ್ಯದ ಆಸೆಯಿಂದ. ಧರ್ಮವು ನೆಲಸಿದುದು ಅದರ ತರುವಾಯ, ಸಂತರ, ಕುಶಲಕರ್ಮಿಗಳ, ನೆರೆಹೊರೆಯವರ ನಡುವೆ. ದಂಡು ಮಾಡಿದ ಗಾಯವನ್ನು ಸಂತನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಸಂತನ ಗುಣವನ್ನು ತೋರಿಸಿ ದಂಡಿನ ಗಾಯವನ್ನು ಮರೆಯಿಸುವುದೂ ಅನ್ಯಾಯ. ಹಳೇಬೀಡಿನಲ್ಲಿ ಭಗ್ನವಾದ ಶಿಲ್ಪವನ್ನು ಕಂಡ ವಿದ್ಯಾರ್ಥಿಯು ಕಣ್ಣು ತಿರುಗಿಸಬೇಕಾಗಿಲ್ಲ. ಅದನ್ನು ಕಂಡ ಕಣ್ಣಿನಿಂದಲೇ ಕಲ್ಯಾಣದ ಶಾಸನವನ್ನೂ ಓದಬೇಕು, ಅಷ್ಟೂರಿನ ಜಾತ್ರೆಯನ್ನೂ ನೋಡಬೇಕು. ಆರು ನೂರು ವರ್ಷಗಳ ಹಿಂದಿನ ದೊರೆಗಳ ಲೆಕ್ಕವನ್ನು ಇಂದಿನ ನೆರೆಮನೆಯವನಿಂದ ವಸೂಲು ಮಾಡಲು ಯಾವ ಶಾಸನದಲ್ಲಿಯೂ ಅಪ್ಪಣೆಯಿಲ್ಲ. ಕಲ್ಲುಗಳು ಹೇಳುವುದನ್ನು ಪೂರ್ತಿಯಾಗಿ ಕೇಳುವುದು, ಅರ್ಧಕ್ಕೆ ಎದ್ದುಹೋಗದಿರುವುದು, ಇದೇ ಇತಿಹಾಸದ ಅಧ್ಯಯನವು ಕಲಿಸುವ ವಿನಯ.